ಗೋಡೆಯ ಮೇಲೆ ಇಟ್ಟಿಗೆಯ ಗೆರೆ: ರೆವಿಟ್‌ನಲ್ಲಿ ನಮ್ಮ ಅಳತೆಯ ಹ್ಯಾಚ್ ಪ್ಯಾಟರ್ನ್ ಕೂರಿಸುವ ಬಗೆ

ಬೆಳಗಾವಿಯಲ್ಲಿ ಪ್ಲಾಸ್ಟರ್ ಮಾಡದೆ ಇಟ್ಟಿಗೆಯನ್ನು ಹೊರಗೆ ಕಾಣುವಂತೆ ಬಿಡುವ ಮನೆಯೊಂದರ ನಕ್ಷೆಯನ್ನು ಮೊದಲ ಬಾರಿಗೆ ರೆವಿಟ್ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶದಲ್ಲಿ ಮಾಡಿದಾಗ, ಸಿದ್ಧವಾಗಿ ಸಿಕ್ಕ ಇಟ್ಟಿಗೆ ಪ್ಯಾಟರ್ನ್ (ಮೈತುಂಬ ಮರುಕಳಿಸುವ ಗೆರೆಗಳ ಮಾದರಿ, ಅಂದರೆ ಹ್ಯಾಚ್) ಒಂದನ್ನು ಗೋಡೆಗೆ ಹಾಕಿ, ಎಲಿವೇಶನ್ (ಗೋಡೆಯ ಎದುರು ನೋಟ) ಮುದ್ರಿಸಿ ಕೊಟ್ಟಿದ್ದೆ. ಹಾಳೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಕೆಲಸದ ಜಾಗದಲ್ಲಿ ಹಿರಿಯ ಗೌಂಡಿಯೊಬ್ಬರು ಆ ಹಾಳೆಯನ್ನು ನೆಲಕ್ಕೆ ಹಾಸಿ, ಬೆರಳಿಟ್ಟು ಸಾಲುಗಳನ್ನು ಎಣಿಸಿ, "ಸಾಹೇಬ್ರ, ನಿಮ್ಮ ನಕ್ಷಾದಾಗ ನಲವತ್ತು ಸಾಲು ಅದಾವ್ರಿ. ನಮ್ಮ ಇಟ್ಟಂಗೀಲೆ ಮೂವತ್ತೇಳೂವರಿ ಆಗ್ತಾವ. ಅರ್ಧಾ ಸಾಲು ಹ್ಯಾಂಗ ಕಟ್ಟಲ್ರೀ?" ಎಂದು ಕೇಳಿದರು. ಅವರ ಲೆಕ್ಕ ಸರಿಯಾಗಿತ್ತು. ಗೋಡೆಯ ಎತ್ತರ 3,000 ಮಿ.ಮೀ. ಇತ್ತು. ನಾನು ಹಾಕಿದ್ದ ಪ್ಯಾಟರ್ನ್‌ನಲ್ಲಿ ಒಂದು ಸಾಲು 75 ಮಿ.ಮೀ., ಅವರ ಕೈಯಲ್ಲಿದ್ದ ಇಟ್ಟಿಗೆ ಗಾರೆಯೊಂದಿಗೆ 80 ಮಿ.ಮೀ. ಇತ್ತು.

ಆ 75 ಎಲ್ಲಿಂದ ಬಂತು ಎಂಬುದು ಆಮೇಲೆ ತಿಳಿಯಿತು. ಬ್ರಿಟನ್ನಿನ ಪ್ರಮಾಣಿತ ಇಟ್ಟಿಗೆ 215 × 102.5 × 65 ಮಿ.ಮೀ.; ಅದಕ್ಕೆ 10 ಮಿ.ಮೀ. ಸಂದು ಸೇರಿಸಿದರೆ ಉದ್ದ 225, ಎತ್ತರ 75 ಆಗುತ್ತದೆ. ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದೊಂದಿಗೆ ಬರುವ ಎಆರ್-ಬಿಆರ್‌ಎಸ್‌ಟಿಡಿ ಎಂಬ ಪ್ಯಾಟರ್ನ್ ಅಮೆರಿಕದ ಅಳತೆಯದು. ಅಲ್ಲಿ ಮೂರು ಸಾಲು ಸೇರಿ 8 ಇಂಚು, ಅಂದರೆ ಒಂದು ಸಾಲು ಸುಮಾರು 67.7 ಮಿ.ಮೀ. ನಮ್ಮ ಭಾರತೀಯ ಮಾನಕವಾದ ಐಎಸ್ 1077 ಹೇಳುವ ಇಟ್ಟಿಗೆಗಳು ಬೇರೆ: ಮಾಡ್ಯುಲರ್ ಇಟ್ಟಿಗೆ 190 × 90 × 90, ಮಾಡ್ಯುಲರ್ ಅಲ್ಲದ್ದು 230 × 110 × 70 ಮಿ.ಮೀ. ಹೀಗಿರುವಾಗ ಸಿದ್ಧ ಪ್ಯಾಟರ್ನ್ ಹಾಕಿದ ನಕ್ಷೆಯು ಬೇರೊಂದು ದೇಶದ ಇಟ್ಟಿಗೆಯ ಗೋಡೆಯನ್ನು ತೋರಿಸುತ್ತದೆಯೇ ಹೊರತು ನಮ್ಮ ಗೋಡೆಯನ್ನಲ್ಲ. ಗೌಂಡಿ ಎಣಿಸಿದರೆ ಲೆಕ್ಕ ಸಿಗುವಂಥ ಗೆರೆಗಳನ್ನು ಹಾಕುವುದು ಹೇಗೆ ಎಂಬುದನ್ನು ಇಲ್ಲಿ ಮೊದಲಿನಿಂದ ವಿವರಿಸುತ್ತೇನೆ.

ಮೊದಲು ಇಟ್ಟಿಗೆಯನ್ನು ಅಳೆಯಿರಿ

ಕಂಪ್ಯೂಟರ್ ತೆರೆಯುವ ಮುಂಚೆ ಇಟ್ಟಂಗಿ ಭಟ್ಟಿಗೆ ಅಥವಾ ಕೆಲಸದ ಜಾಗಕ್ಕೆ ಹೋಗಬೇಕು. ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಇಟ್ಟಿಗೆಗೂ ಒದಗಿದ ಒಳ್ಳೆಯ ಮಣ್ಣು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಆ ಊರಿನಲ್ಲಿರುವುದು ಸುಮ್ಮನೆ ಅಲ್ಲ. ಆದರೂ ಒಂದು ಭಟ್ಟಿಯ ಅಚ್ಚು ಇನ್ನೊಂದರ ಅಚ್ಚಿನಂತೆ ಇರುವುದಿಲ್ಲ, ಮತ್ತು ಒಂದೇ ಭಟ್ಟಿಯಲ್ಲಿ ಬೆಂಕಿಗೆ ಹತ್ತಿರವಿದ್ದ ಇಟ್ಟಿಗೆ ದೂರವಿದ್ದ ಇಟ್ಟಿಗೆಗಿಂತ ಹೆಚ್ಚು ಕುಗ್ಗಿರುತ್ತದೆ. ಆದ್ದರಿಂದ ಒಂದೇ ಇಟ್ಟಿಗೆಯನ್ನು ಟೇಪಿನಿಂದ ಅಳೆದು ಬರುವುದು ಸಾಲದು. ಮಾನಕದಲ್ಲಿ ಹೇಳಿರುವಂತೆ 20 ಇಟ್ಟಿಗೆಗಳನ್ನು ಸಮತಟ್ಟಾದ ಜಾಗದಲ್ಲಿ ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟು ಒಟ್ಟು ಅಳತೆ ತೆಗೆದುಕೊಳ್ಳಬೇಕು. 230 ಮಿ.ಮೀ. ಇಟ್ಟಿಗೆಗಳಾದರೆ ಉದ್ದದ ಮೊತ್ತ 4,600 ಮಿ.ಮೀ. ಬರಬೇಕು, ಹೆಚ್ಚು ಕಡಿಮೆ 80 ಮಿ.ಮೀ. ವ್ಯತ್ಯಾಸಕ್ಕೆ ಅವಕಾಶವಿದೆ, ಎತ್ತರದ ಮೊತ್ತ 1,400, ಅದರಲ್ಲಿ 40 ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಮೊತ್ತವನ್ನು 20ರಿಂದ ಭಾಗಿಸಿದರೆ ಪ್ಯಾಟರ್ನ್‌ಗೆ ಬೇಕಾದ ಸರಾಸರಿ ಸಿಗುತ್ತದೆ.

ಇದಕ್ಕಿಂತ ನಂಬಿಕೆಗೆ ಅರ್ಹವಾದ ಇನ್ನೊಂದು ದಾರಿಯಿದೆ. ನಿಮ್ಮ ಕೆಲಸ ಮಾಡಲಿರುವ ಗೌಂಡಿ ಅದೇ ಇಟ್ಟಿಗೆಯಲ್ಲಿ ಈಗಾಗಲೇ ಕಟ್ಟಿರುವ ಗೋಡೆಯನ್ನು ನೋಡಿ, ಒಂದು ಇಟ್ಟಿಗೆಯ ಮೇಲಂಚಿನಿಂದ ಹತ್ತು ಸಾಲು ಮೇಲಿನ ಇಟ್ಟಿಗೆಯ ಮೇಲಂಚಿನವರೆಗೆ ಅಳೆದುಕೊಳ್ಳಿ. ಅದು 850 ಮಿ.ಮೀ. ಬಂದರೆ, ಪುಸ್ತಕ ಏನೇ ಹೇಳಲಿ, ನಿಮ್ಮ ಸಾಲು 85 ಮಿ.ಮೀ. ಸಂದಿನ ದಪ್ಪವನ್ನು ತೀರ್ಮಾನಿಸುವುದು ಗೌಂಡಿಯ ಕೈ. ನಕ್ಷೆ ಅದನ್ನು ಮೊದಲೇ ಕೇಳಿ ತಿಳಿದುಕೊಂಡಿರಬೇಕು. ಮುಂದಿನ ಉದಾಹರಣೆಗಳಿಗೆ ನಾನು 230 × 110 × 70ರ ಇಟ್ಟಿಗೆ ಮತ್ತು 10 ಮಿ.ಮೀ. ಸಂದನ್ನು ಹಿಡಿದಿದ್ದೇನೆ: ಉದ್ದ 240, ಅಡ್ಡ 120, ಸಾಲು 80.

ಎರಡು ಬಗೆಯ ಪ್ಯಾಟರ್ನ್

ರೆವಿಟ್‌ನಲ್ಲಿ ಫಿಲ್ ಪ್ಯಾಟರ್ನ್‌ಗಳು ಎರಡು ಬಗೆ. ಡ್ರಾಫ್ಟಿಂಗ್ ಪ್ಯಾಟರ್ನ್ ಹಾಳೆಗೆ ಸೇರಿದ್ದು: ನೋಟದ ಸ್ಕೇಲ್ ಬದಲಾದರೂ ಅದರ ಗೆರೆಗಳ ಅಂತರ ಕಾಗದದ ಮೇಲೆ ಅಷ್ಟೇ ಉಳಿಯುತ್ತದೆ. ಗೋಡೆಯನ್ನು ಕತ್ತರಿಸಿ ತೋರಿಸುವ ಪ್ಲಾನ್ ಮತ್ತು ಸೆಕ್ಷನ್‌ಗಳಲ್ಲಿ ಇಟ್ಟಿಗೆಯ ಸಂಕೇತವಾಗಿ ನಾವು ಹಾಕುವ ಓರೆ ಗೆರೆಗಳು ಈ ಜಾತಿಯವು, ಮತ್ತು ಕತ್ತರಿಸಿದ ಮೈಗೆ ರೆವಿಟ್ ಒಪ್ಪುವುದೂ ಈ ಜಾತಿಯನ್ನು ಮಾತ್ರ. ಮಾಡೆಲ್ ಪ್ಯಾಟರ್ನ್ ಕಟ್ಟಡಕ್ಕೆ ಸೇರಿದ್ದು: ಅದರ 80 ಮಿ.ಮೀ. ಎಂದರೆ ಗೋಡೆಯ ಮೇಲಿನ ನಿಜವಾದ 80 ಮಿ.ಮೀ. ಈ ಗೆರೆಗಳನ್ನು ಜರುಗಿಸಬಹುದು, ತಿರುಗಿಸಬಹುದು, ಕಿಟಕಿಯ ಅಂಚಿಗೆ ಹೊಂದಿಸಬಹುದು, ಅವುಗಳಿಗೆ ಡೈಮೆನ್ಷನ್ ಕೂಡ ಹಾಕಬಹುದು. ಹೊರಗೋಡೆಯ ಮೈಗೆ ಯಾವಾಗಲೂ ಮಾಡೆಲ್ ಪ್ಯಾಟರ್ನ್ ಇರಬೇಕು. ಎಲಿವೇಶನ್‌ನಲ್ಲಿ ಸ್ಕೇಲ್ ಬದಲಿಸಿದಾಗ ಇಟ್ಟಿಗೆಗಳು ಹಿಗ್ಗಿ ಕುಗ್ಗಿದಂತೆ ಕಂಡರೆ, ಅಲ್ಲಿರುವುದು ಡ್ರಾಫ್ಟಿಂಗ್ ಪ್ಯಾಟರ್ನ್ ಎಂದು ತಕ್ಷಣ ತಿಳಿಯಬಹುದು.

ಪ್ಯಾಟರ್ನ್‌ನ ಕಡತವನ್ನು ಬರೆಯುವುದು

ಮ್ಯಾನೇಜ್ ಟ್ಯಾಬ್‌ನಲ್ಲಿ ಅಡಿಷನಲ್ ಸೆಟ್ಟಿಂಗ್ಸ್, ಅದರೊಳಗೆ ಫಿಲ್ ಪ್ಯಾಟರ್ನ್ಸ್ ತೆರೆದು ಹೊಸ ಮಾಡೆಲ್ ಪ್ಯಾಟರ್ನ್ ಮಾಡಲು ಹೊರಟರೆ, ಸರಳವಾದ ಬೇಸಿಕ್ ಆಯ್ಕೆಯಲ್ಲಿ ಸಮಾನಾಂತರ ಗೆರೆಗಳು ಅಥವಾ ಅಡ್ಡ-ಉದ್ದ ಚೌಕಳಿ ಮಾತ್ರ ಸಿಗುತ್ತವೆ. ಚೌಕಳಿಯಲ್ಲಿ ಲಂಬ ಸಂದುಗಳೆಲ್ಲ ಒಂದರ ಮೇಲೊಂದು ನೇರವಾಗಿ ಬರುತ್ತವೆ. ಹಾಗೆ ಕಟ್ಟಿದ ಗೋಡೆ ಒಂದು ಸಂದಿನುದ್ದಕ್ಕೆ ಸೀಳುತ್ತದೆ. ಯಾವ ಗೌಂಡಿಯೂ ಅದನ್ನು ಒಪ್ಪುವುದಿಲ್ಲ. ಸಂದು ತಪ್ಪಿಸಿ ಕೂರುವ ಇಟ್ಟಿಗೆ ಬೇಕಾದರೆ ಕಸ್ಟಮ್ ಆಯ್ಕೆಯಿಂದ ಪ್ಯಾಟ್ (.pat) ಕಡತವನ್ನು ತರಬೇಕು, ಮತ್ತು ಆ ಕಡತವನ್ನು ನಾವೇ ನೋಟ್‌ಪ್ಯಾಡ್‌ನಲ್ಲಿ ಬರೆಯಬಹುದು.

ಕಡತದ ಮೊದಲ ಸಾಲಿನಲ್ಲಿ ಅರ್ಧವಿರಾಮ ಮತ್ತು ಶೇಕಡಾ ಚಿಹ್ನೆ ಹಾಕಿ, ಅದಕ್ಕೆ ಅಂಟಿದಂತೆ "ಯುನಿಟ್ಸ್", ಸಮ ಚಿಹ್ನೆ, "ಎಂಎಂ" ಎಂದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ (;%UNITS=MM) ಬರೆಯಬೇಕು. ಎರಡನೆಯ ಸಾಲು ನಕ್ಷತ್ರ ಚಿಹ್ನೆಯಿಂದ ಆರಂಭವಾಗಿ ಪ್ಯಾಟರ್ನ್‌ನ ಹೆಸರನ್ನು ಹೊಂದಿರುತ್ತದೆ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರುವುದು ಕ್ಷೇಮ, ಮತ್ತು ಅದರಲ್ಲಿ ಇಟ್ಟಿಗೆಯ ಅಳತೆ ಸೇರಿದ್ದರೆ ವರ್ಷದ ಬಳಿಕವೂ ಗುರುತು ಸಿಗುತ್ತದೆ. ಮೂರನೆಯ ಸಾಲಿನಲ್ಲಿ ಮತ್ತೆ ಅರ್ಧವಿರಾಮ, ಶೇಕಡಾ ಚಿಹ್ನೆ, "ಟೈಪ್", ಸಮ ಚಿಹ್ನೆ, "ಮಾಡೆಲ್" (;%TYPE=MODEL). ಈ ಮೂರನೆಯ ಸಾಲು ಬಿಟ್ಟುಹೋದರೆ ಕಡತದಲ್ಲಿ ಮಾಡೆಲ್ ಪ್ಯಾಟರ್ನ್ ಇಲ್ಲವೆಂದು ರೆವಿಟ್ ತಿರಸ್ಕರಿಸುತ್ತದೆ. ಅನಂತರ ಗೆರೆಗಳು ಬರುತ್ತವೆ. ಅರ್ಧ ಇಟ್ಟಿಗೆ ಜರುಗಿಸಿ ಕಟ್ಟುವ ಸ್ಟ್ರೆಚರ್ ಬಾಂಡ್‌ಗೆ ಎರಡೇ ಸಾಲು ಸಾಕು:

0, 0,0, 0,80
90, 0,0, 80,120, 80,-80

ಪ್ರತಿ ಸಾಲಿನ ಮೊದಲ ಅಂಕಿ ಗೆರೆಯ ಕೋನ. ಮುಂದಿನ ಎರಡು ಆ ಗೆರೆ ಹೊರಡುವ ಬಿಂದು. ಅವುಗಳ ನಂತರದ ಎರಡು ಮುಖ್ಯವಾದವು: ಪಕ್ಕದ ಗೆರೆ ತನ್ನ ಉದ್ದಕ್ಕೆ ಎಷ್ಟು ಜರುಗಬೇಕು, ಮತ್ತು ಈ ಗೆರೆಯಿಂದ ಎಷ್ಟು ದೂರದಲ್ಲಿರಬೇಕು ಎಂಬುದನ್ನು ಅವು ಹೇಳುತ್ತವೆ. ಕೊನೆಯಲ್ಲಿ ಬರುವ ಜೋಡಿಯಲ್ಲಿ ಧನ ಸಂಖ್ಯೆ ಗೆರೆ ಎಳೆಯುವ ಉದ್ದವನ್ನು, ಋಣ ಸಂಖ್ಯೆ ಎಳೆಯದೆ ಬಿಡುವ ಉದ್ದವನ್ನು ತಿಳಿಸುತ್ತದೆ. ಹೀಗೆ ಓದಿದರೆ ಮೊದಲ ಸಾಲು 80 ಮಿ.ಮೀ.ಗೊಂದು ಅಡ್ಡ ಸಂದನ್ನು ಎಳೆಯುತ್ತದೆ. ಎರಡನೆಯದು 120 ಮಿ.ಮೀ.ಗೊಂದು ಲಂಬ ಗೆರೆಯನ್ನು ತರುತ್ತದೆ, ಆದರೆ ಪ್ರತಿಯೊಂದೂ ಇಟ್ಟಿಗೆಯ ಒಂದು ಸಾಲಿನಷ್ಟು ಎಳೆದು ಒಂದು ಸಾಲಿನಷ್ಟು ಬಿಡುತ್ತದೆ ಮತ್ತು ಪಕ್ಕದ್ದು 80 ಮಿ.ಮೀ. ಜರುಗಿರುತ್ತದೆ, ಇದರಿಂದಾಗಿ ಯಾವುದೇ ಒಂದು ಸಾಲಿನಲ್ಲಿ ನೋಡಿದರೆ 240 ಮಿ.ಮೀ.ಗೊಂದು ಸಂದು, ಮೇಲಿನ ಸಾಲಿನಲ್ಲಿ ಅವುಗಳ ನಟ್ಟನಡುವೆ ಇನ್ನೊಂದು ಸಂದು ಬೀಳುತ್ತದೆ. ಮಾಡ್ಯುಲರ್ ಇಟ್ಟಿಗೆಗೆ 80 ಮತ್ತು 120 ಇರುವಲ್ಲೆಲ್ಲ 100 ಎಂದು ಬದಲಿಸಿದರೆ ಮುಗಿಯಿತು.

230 ಮಿ.ಮೀ. ದಪ್ಪದ, ಅಂದರೆ ಒಂಬತ್ತು ಇಂಚಿನ ಗೋಡೆಯನ್ನು ಸಾಮಾನ್ಯವಾಗಿ ಇಂಗ್ಲಿಷ್ ಬಾಂಡ್‌ನಲ್ಲಿ ಕಟ್ಟುವುದರಿಂದ, ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದನೆಯ ಮುಖವೂ (ಸ್ಟ್ರೆಚರ್) ಮರುಸಾಲಿನಲ್ಲಿ ಅದರ ಚಿಕ್ಕ ತಲೆಯೂ (ಹೆಡರ್) ಕಾಣುತ್ತವೆ. ಅದಕ್ಕೆ ಮೂರು ಸಾಲು ಬೇಕು:

0, 0,0, 0,80
90, 0,0, 0,240, 80,-80
90, 60,80, 0,120, 80,-80

ಮೂರನೆಯ ಸಾಲಿನ 60 ಎಂಬುದು ಕಾಲು ಇಟ್ಟಿಗೆಯ ಜರುಗು. ಅದನ್ನು ಸೊನ್ನೆ ಮಾಡಿದರೆ ಹೆಡರ್‌ಗಳ ಸಂದು ಸ್ಟ್ರೆಚರ್‌ಗಳ ಸಂದಿನ ಮೇಲೆಯೇ ಕೂತು, ನಕ್ಷೆ ನೋಡಿದ ಅನುಭವಿಗೆ ಮೊದಲ ನೋಟಕ್ಕೇ ತಪ್ಪು ಕಾಣುತ್ತದೆ. ನಾಲ್ಕಿಂಚಿನ ಗೋಡೆಗೆ ಇಂಗ್ಲಿಷ್ ಬಾಂಡ್‌ನ ಪ್ಯಾಟರ್ನ್ ಹಾಕುವುದು, ಒಂಬತ್ತಿಂಚಿನ ಗೋಡೆಗೆ ಸ್ಟ್ರೆಚರ್ ಬಾಂಡ್ ಹಾಕುವುದು ನಾನು ಆಗಾಗ ಕಾಣುವ ತಪ್ಪುಗಳು. ಗೋಡೆಯ ದಪ್ಪ ಮತ್ತು ಅದರ ಮುಖದ ಮೇಲಿನ ಗೆರೆ ಒಂದೇ ಮಾತನ್ನು ಹೇಳಬೇಕು.

ಕೊನೆಯ ಸಾಲಿನ ಬಳಿಕ ಒಮ್ಮೆ ಎಂಟರ್ ಒತ್ತಿ, ಉಳಿಸುವಾಗ ಕಡತದ ಬಗೆಯನ್ನು "ಆಲ್ ಫೈಲ್ಸ್" ಎಂದು ಆರಿಸಿ ಪ್ಯಾಟ್ ವಿಸ್ತರಣೆ ಕೊಡಿ. ಇಲ್ಲದಿದ್ದರೆ ನೋಟ್‌ಪ್ಯಾಡ್ ಅದನ್ನು ಸಾಧಾರಣ ಟೆಕ್ಸ್ಟ್ ಕಡತವಾಗಿ ಉಳಿಸುತ್ತದೆ. ರೆವಿಟ್‌ಗೆ ತಂದುಕೊಂಡ ಮೇಲೆ ಒಂದು ತುಂಡು ಗೋಡೆಗೆ ಹಾಕಿ, ಎರಡು ಅಡ್ಡ ಗೆರೆಗಳ ನಡುವೆ ಡೈಮೆನ್ಷನ್ ಎಳೆದು 80 ಬರುತ್ತದೆಯೇ ಎಂದು ನೋಡಿ. ಇಂಚಿಗೂ ಮಿಲಿಮೀಟರಿಗೂ ಗೊಂದಲವಾಗಿದ್ದರೆ 25.4 ಪಟ್ಟಿನ ವ್ಯತ್ಯಾಸ ಇಲ್ಲೇ ಬಯಲಾಗುತ್ತದೆ.

ಮಟೀರಿಯಲ್‌ಗೆ, ಅಲ್ಲಿಂದ ಗೋಡೆಗೆ

ಪ್ಯಾಟರ್ನ್ ನೇರವಾಗಿ ಗೋಡೆಗೆ ಅಂಟುವುದಿಲ್ಲ. ಅದು ಮಟೀರಿಯಲ್ ಮೂಲಕ ಹೋಗುತ್ತದೆ. ಮಟೀರಿಯಲ್ ಬ್ರೌಸರ್‌ನಲ್ಲಿ ಈಗಿರುವ ಇಟ್ಟಿಗೆಯ ಮಟೀರಿಯಲ್ ಒಂದನ್ನು ಡ್ಯೂಪ್ಲಿಕೇಟ್ ಮಾಡಿ, ಹೊಸ ಹೆಸರು ಕೊಟ್ಟು, ಗ್ರಾಫಿಕ್ಸ್ ಟ್ಯಾಬ್‌ನಲ್ಲಿ ಸರ್ಫೇಸ್ ಪ್ಯಾಟರ್ನ್‌ನ ಫೋರ್‌ಗ್ರೌಂಡ್‌ಗೆ ನಮ್ಮ ಪ್ಯಾಟರ್ನ್ ಆರಿಸಬೇಕು. ಮೂಲವನ್ನೇ ತಿದ್ದಿದರೆ ಆ ಮಟೀರಿಯಲ್ ಬಳಸಿದ ಎಲ್ಲ ಗೋಡೆಗಳೂ, ಒಳಗಿನ ಪ್ಲಾಸ್ಟರ್ ಅಡಗಿಸಿರುವ ಗೋಡೆಗಳೂ ಸೇರಿ, ಒಟ್ಟಿಗೆ ಬದಲಾಗುತ್ತವೆ. ಕಟ್ ಪ್ಯಾಟರ್ನ್‌ಗೆ ಓರೆ ಗೆರೆಯ ಡ್ರಾಫ್ಟಿಂಗ್ ಪ್ಯಾಟರ್ನನ್ನು ಹಾಗೆಯೇ ಇರಿಸಿ. ಬಣ್ಣದ ಚಿತ್ರವೂ ಬೇಕಾಗಿದ್ದರೆ ಅಪಿಯರೆನ್ಸ್ ಟ್ಯಾಬ್‌ನ ಅಸೆಟ್ ಅನ್ನು ಬೇರೆಯಾಗಿ ಡ್ಯೂಪ್ಲಿಕೇಟ್ ಮಾಡಿ, ಚಿತ್ರದ ಅಳತೆಯನ್ನು ಇದೇ ಇಟ್ಟಿಗೆಗೆ ಹೊಂದಿಸಿ, ಟೆಕ್ಸ್ಚರ್ ಅಲೈನ್‌ಮೆಂಟ್ ಗುಂಡಿಯಿಂದ ಚಿತ್ರದ ಸಂದನ್ನು ಗೆರೆಯ ಸಂದಿಗೆ ಕೂಡಿಸಬೇಕು.

ಇನ್ನು ಗೋಡೆಯ ಟೈಪ್ ಅನ್ನು ಡ್ಯೂಪ್ಲಿಕೇಟ್ ಮಾಡಿ, ಸ್ಟ್ರಕ್ಚರ್‌ನಲ್ಲಿ ಪದರಕ್ಕೆ ಈ ಮಟೀರಿಯಲ್ ಕೊಡಿ. "ಎಲ್ಲ ಸರಿ ಮಾಡಿದೆ, ಆದರೂ ಗೆರೆ ಕಾಣುತ್ತಿಲ್ಲ" ಎಂದು ಎಂಜಿನಿಯರಿಂಗ್ ಕಾಲೇಜಿನಿಂದ ಆಗಷ್ಟೇ ಹೊರಬಂದ ತರುಣರು ನನ್ನ ಬಳಿ ಬಂದಾಗಲೆಲ್ಲ ಕಾರಣ ಹೆಚ್ಚುಪಾಲು ಒಂದೇ: ಇಟ್ಟಿಗೆಯ ಪದರದ ಹೊರಗೆ 15 ಅಥವಾ 20 ಮಿ.ಮೀ. ಪ್ಲಾಸ್ಟರ್‌ನ ಪದರವಿರುತ್ತದೆ. ಹೊರಗೆ ಕಾಣುವುದು ಅತ್ಯಂತ ಹೊರಗಿನ ಪದರದ ಸರ್ಫೇಸ್ ಪ್ಯಾಟರ್ನ್ ಮಾತ್ರ. ಹೊರಗೆ ಇಟ್ಟಿಗೆ, ಒಳಗೆ ಪ್ಲಾಸ್ಟರ್ ಇರುವ ಗೋಡೆಯನ್ನು ಎಳೆಯುವಾಗ ಯಾವ ಮೈ ಹೊರಗಿದೆ ಎಂಬುದನ್ನೂ ನೋಡಿಕೊಳ್ಳಬೇಕು. ತಿರುಗುಮುರುಗಾಗಿದ್ದರೆ ಗೋಡೆಯನ್ನು ಆರಿಸಿ ಸ್ಪೇಸ್ ಬಾರ್ ಒತ್ತಿದರೆ ಮೈ ಬದಲಾಗುತ್ತದೆ.

ಗೆರೆಯನ್ನು ಕೂರಿಸುವುದು

ನಿಜವಾದ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಪ್ಯಾಟರ್ನ್ ಗೋಡೆಗೆ ಬಂದಾಗ ಅದರ ಮೊದಲ ಗೆರೆ ಪ್ಲಿಂತ್ (ಗೋಡೆ ಹೊರಡುವ ಪೀಠ) ಮಟ್ಟದಲ್ಲಿಯೇ ಇರುತ್ತದೆ ಎಂದು ನಂಬಬಾರದು. ಎಲಿವೇಶನ್ ತೆರೆದು, ಅಲೈನ್ ಆಜ್ಞೆಗೆ ಎ ಮತ್ತು ಎಲ್ ಒತ್ತಿ, ಮೊದಲು ಪ್ಲಿಂತ್‌ನ ಗೆರೆಯನ್ನು ಕ್ಲಿಕ್ಕಿಸಿ. ಆಮೇಲೆ ಮೌಸನ್ನು ಇಟ್ಟಿಗೆಯ ಅಡ್ಡ ಗೆರೆಯ ಮೇಲೆ ಹಿಡಿದು, ಆ ಗೆರೆ ಒಂದೇ ಹೊಳೆಯುವವರೆಗೆ ಟ್ಯಾಬ್ ಒತ್ತುತ್ತಾ ಹೋಗಿ, ಅನಂತರ ಕ್ಲಿಕ್ಕಿಸಿ. ಅವಸರದಲ್ಲಿ ಗೋಡೆಯ ಅಂಚು ಆಯ್ಕೆಯಾದರೆ ಗೆರೆಯ ಬದಲು ಗೋಡೆಯೇ ಸರಿದುಬಿಡುತ್ತದೆ. ಪ್ರತಿಯೊಂದು ಮುಖಕ್ಕೂ ಇದನ್ನು ಬೇರೆಯಾಗಿ ಮಾಡಬೇಕು.

ಸಾಲುಗಳು ಪ್ಲಿಂತ್‌ನಿಂದ ಸರಿಯಾಗಿ ಹೊರಟ ಮೇಲೆ ಕಿಟಕಿಗಳ ಎತ್ತರವನ್ನು ನೋಡಿ. ಅಭ್ಯಾಸಬಲದಿಂದ ನಾವು ಸಿಲ್ (ಕಿಟಕಿಯ ಕೆಳಗಿನ ಅಂಚು) ಅನ್ನು 900ಕ್ಕೆ, ಲಿಂಟಲ್ (ಕಿಟಕಿಯ ಮೇಲಿನ ತೊಲೆ) ತಳವನ್ನು 2,100ಕ್ಕೆ ಇಡುತ್ತೇವೆ. 80 ಮಿ.ಮೀ. ಸಾಲಿನಲ್ಲಿ 900 ಎಂದರೆ ಹನ್ನೊಂದೂಕಾಲು ಸಾಲು, 2,100 ಎಂದರೆ ಇಪ್ಪತ್ತಾರೂಕಾಲು. ಎರಡೂ ಕಡೆ ಗೌಂಡಿ ಇಟ್ಟಿಗೆಯನ್ನು ಕೆತ್ತಬೇಕು ಅಥವಾ ಗಾರೆಯನ್ನು ದಪ್ಪ ಮಾಡಿ ಸರಿತೂಗಿಸಬೇಕು. ಪ್ಲಾಸ್ಟರ್ ಮಾಡುವ ಗೋಡೆಯಲ್ಲಿ ಅದು ಮುಚ್ಚಿಹೋಗುತ್ತದೆ, ತೆರೆದ ಗೋಡೆಯಲ್ಲಿ ಮನೆ ಇರುವಷ್ಟು ಕಾಲ ಕಾಣುತ್ತದೆ. ಸಿಲ್ ಅನ್ನು 880ಕ್ಕೆ ಇಳಿಸಿ ಲಿಂಟಲ್ ಅನ್ನು 2,160ಕ್ಕೆ ಏರಿಸಿದರೆ ಹನ್ನೊಂದು ಮತ್ತು ಇಪ್ಪತ್ತೇಳು ಪೂರ್ತಿ ಸಾಲುಗಳಾಗುತ್ತವೆ, ನಡುವಿನ ಕಿಟಕಿ 1,280 ಮಿ.ಮೀ., ಹದಿನಾರು ಸಾಲು. ಮಾಡ್ಯುಲರ್ ಇಟ್ಟಿಗೆಯಲ್ಲಾದರೆ 900, 2,100, 3,000 ಎಲ್ಲವೂ 100ರಿಂದ ಭಾಗವಾಗುವುದರಿಂದ ಈ ಪೇಚೇ ಇಲ್ಲ. ಆ ಅಳತೆಯ ಜಾಣತನವನ್ನು ನಾನು ಮೆಚ್ಚುತ್ತೇನೆ.

ಅಡ್ಡಗಲದ ಲೆಕ್ಕ ಸ್ವಲ್ಪ ಸೂಕ್ಷ್ಮ. ನಮ್ಮ ಪ್ಯಾಟರ್ನ್‌ನ ಗೆರೆ ಸಂದಿನ ನಡುಗೆರೆ, ಇಟ್ಟಿಗೆಯ ಅಂಚಲ್ಲ. ಗೋಡೆಯ ತುಂಡು ಇಟ್ಟಿಗೆಯಿಂದ ಆರಂಭವಾಗಿ ಇಟ್ಟಿಗೆಯಲ್ಲೇ ಮುಗಿಯುವುದರಿಂದ ಅದರ ಅಗಲದಲ್ಲಿ ಒಂದು ಸಂದು ಕಡಿಮೆ, ತೆರಪಿನಲ್ಲಿ ಒಂದು ಸಂದು ಹೆಚ್ಚು. ಹೀಗಾಗಿ ಎರಡು ಕಿಟಕಿಗಳ ನಡುವಿನ ಗೋಡೆ 720 ಅಲ್ಲ, 710 ಮಿ.ಮೀ.; ಕಿಟಕಿಯ ತೆರಪು 1,200 ಅಲ್ಲ, 1,210. ಲಂಬ ಗೆರೆಯನ್ನು ಅಲೈನ್ ಮಾಡುವಾಗಲೂ ಕಿಟಕಿಯ ಅಂಚಿನಿಂದ ತೆರಪಿನ ಒಳಕ್ಕೆ 5 ಮಿ.ಮೀ. ದೂರದಲ್ಲಿ ರೆಫರೆನ್ಸ್ ಪ್ಲೇನ್ (ಮುದ್ರಣಕ್ಕಲ್ಲದ ಸಹಾಯಕ ಗೆರೆ) ಎಳೆದು ಅದಕ್ಕೆ ಹೊಂದಿಸಬೇಕು.

ಮೂಲೆಯ ಬಗ್ಗೆ ಇನ್ನೊಂದು ಮಾತು. ರೆವಿಟ್‌ನ ಗೆರೆ ಒಂದು ಮುಖದಿಂದ ಇನ್ನೊಂದಕ್ಕೆ ತಾನಾಗಿ ತಿರುಗುವುದಿಲ್ಲ. ಸ್ಟ್ರೆಚರ್ ಬಾಂಡ್‌ನ ಮೂಲೆಯಲ್ಲಿ ಒಂದು ಸಾಲಿನಲ್ಲಿ ಪೂರ್ವದ ಮುಖಕ್ಕೆ ಇಡೀ ಇಟ್ಟಿಗೆ ಕಂಡರೆ, ಅದೇ ಸಾಲಿನಲ್ಲಿ ದಕ್ಷಿಣದ ಮುಖಕ್ಕೆ ಅದೇ ಇಟ್ಟಿಗೆಯ ತಲೆ, ಅಂದರೆ 110 ಮಿ.ಮೀ. ಕಾಣಬೇಕು. ಮೂರು ಆಯಾಮದ ನೋಟದಲ್ಲಿ ಮೂಲೆಯ ಹತ್ತಿರ ಹೋಗಿ ನೋಡಿ, ಎರಡೂ ಕಡೆ ಇಡೀ ಇಟ್ಟಿಗೆಗಳೇ ಸಂಧಿಸುತ್ತಿದ್ದರೆ ಒಂದು ಮುಖದ ಪ್ಯಾಟರ್ನನ್ನು 120 ಮಿ.ಮೀ. ಜರುಗಿಸಿ. ಇಂಗ್ಲಿಷ್ ಬಾಂಡ್‌ನ ಮೂಲೆಯಲ್ಲಿ ಹೆಡರ್‌ನ ಪಕ್ಕಕ್ಕೆ ಬರುವ ಕ್ವೀನ್ ಕ್ಲೋಸರ್ (ಉದ್ದಕ್ಕೆ ಸೀಳಿದ ಅರ್ಧ ಇಟ್ಟಿಗೆ) ತುಂಡನ್ನು ಯಾವ ಪ್ಯಾಟರ್ನೂ ತೋರಿಸಲಾರದು. ಅದಕ್ಕೆ 1:20ರಲ್ಲಿ ಬೇರೆ ಡೀಟೇಲ್ ಬರೆದುಕೊಡುವುದೇ ಸರಿ.

ಕಿಟಕಿಯ ಮೇಲಿನ ನಿಂತ ಇಟ್ಟಿಗೆಗಳು

ಲಿಂಟಲ್ ಮಟ್ಟದಲ್ಲಿ ಇಟ್ಟಿಗೆಗಳನ್ನು ನಿಲ್ಲಿಸಿ ಕಟ್ಟುವ ಪಟ್ಟಿ ಬೇಕಿದ್ದರೆ, ಸ್ಪ್ಲಿಟ್ ಫೇಸ್ ಆಜ್ಞೆಯಿಂದ ಗೋಡೆಯ ಮುಖದಲ್ಲಿ ಕಿಟಕಿಯ ಮೇಲೆ 240 ಮಿ.ಮೀ. ಎತ್ತರದ ಆಯತವನ್ನು ಬೇರ್ಪಡಿಸಿ. ನಿಂತ ಇಟ್ಟಿಗೆ ಸಂದಿನೊಂದಿಗೆ 240 ಆಗುವುದರಿಂದ ಅದು ಸರಿಯಾಗಿ ಮೂರು ಸಾಲುಗಳನ್ನು ನುಂಗುತ್ತದೆ, ಅದರ ಮೇಲಿನ ಸಾಲು ಎಲ್ಲಿಯೂ ತಪ್ಪುವುದಿಲ್ಲ. ಈ ಪಟ್ಟಿಗೆ ಬೇರೊಂದು ಪ್ಯಾಟರ್ನ್:

0, 0,0, 0,240
90, 0,0, 0,80

ಇದನ್ನು ಹೊಂದಿದ ಇನ್ನೊಂದು ಮಟೀರಿಯಲ್ ಮಾಡಿ, ಪೇಂಟ್ ಆಜ್ಞೆಯಿಂದ ಆ ಆಯತಕ್ಕೆ ಬಳಿಯಿರಿ. ಪೇಂಟ್ ಎಂಬುದು ಹೆಸರಿಗೆ ತಕ್ಕಂತೆ ಮೇಲಿನ ಬಳಿತ ಮಾತ್ರ: ಅದಕ್ಕೆ ದಪ್ಪವಿಲ್ಲ, ಸೆಕ್ಷನ್‌ನಲ್ಲಿ ಕತ್ತರಿಸಿದಾಗ ಅದು ಏನನ್ನೂ ಬದಲಿಸುವುದಿಲ್ಲ, ಮಟೀರಿಯಲ್ ಟೇಕಾಫ್‌ನಲ್ಲಿ (ಸಾಮಗ್ರಿಯ ಲೆಕ್ಕದ ಪಟ್ಟಿಯಲ್ಲಿ) ವಿಸ್ತೀರ್ಣವಾಗಿ ಬರುತ್ತದೆಯೇ ಹೊರತು ಇಟ್ಟಿಗೆಯ ಗಾತ್ರವಾಗಿ ಅಲ್ಲ. ಆ ಇಟ್ಟಿಗೆಗಳನ್ನು ಹೊರುವ ಲಿಂಟಲ್ ಅಥವಾ ಕಬ್ಬಿಣವನ್ನು ಮಾದರಿಯಲ್ಲಿ ಬೇರೆಯಾಗಿಯೇ ಇಡಬೇಕು.

ಬೆಳಗಾವಿಯ ಹಳೆಯ ಮನೆಗಳ ಜಂಬಿಟ್ಟಿಗೆ ಕಲ್ಲಿನ ಗೋಡೆಗಳಿಗೂ ಸ್ಟ್ರೆಚರ್ ಬಾಂಡ್‌ನ ಇದೇ ಎರಡು ಸಾಲು ನಡೆಯುತ್ತವೆ. ಕಲ್ಲನ್ನು ಅಳೆದು ಅಂಕಿ ಬದಲಿಸಿದರಾಯಿತು. ಸಾಲಿನಿಂದ ಸಾಲಿಗೆ ಎತ್ತರ ಬದಲಾಗುವ ಕಲ್ಲಿನ ಕಟ್ಟಡಕ್ಕೆ ಮಾತ್ರ ಈ ದಾರಿಯಲ್ಲಿ ಹೋಗಬೇಡಿ, ಪ್ಯಾಟರ್ನ್ ಎಂದರೆ ಮರುಕಳಿಸುವ ಗೆರೆ, ಮರುಕಳಿಸದ ಗೋಡೆಯನ್ನು ಅದು ಹಿಡಿಯಲಾರದು.

ಮುದ್ರಣಕ್ಕೆ ಮುನ್ನ

80 ಮಿ.ಮೀ. ಸಾಲು 1:50ರಲ್ಲಿ ಕಾಗದದ ಮೇಲೆ 1.6 ಮಿ.ಮೀ., 1:100ರಲ್ಲಿ 0.8, 1:200ರಲ್ಲಿ 0.4 ಆಗುತ್ತದೆ. ಕೊನೆಯದರಲ್ಲಿ ಗೋಡೆ ಕಪ್ಪಿಟ್ಟು ಕಿಟಕಿಗಳೇ ಕಾಣದಂತಾಗುತ್ತವೆ. ಅಂಥ ನೋಟಗಳಲ್ಲಿ ವಿಸಿಬಿಲಿಟಿ ಗ್ರಾಫಿಕ್ಸ್ ತೆರೆದು ಗೋಡೆಗಳ ಸರ್ಫೇಸ್ ಪ್ಯಾಟರ್ನನ್ನು ಮರೆಮಾಡಿ, 1:100ರಲ್ಲಿ ಅದರ ಬಣ್ಣವನ್ನು ಬೂದುಗೊಳಿಸಿ, 1:50ರಲ್ಲಿ ಪೂರ್ತಿ ತೋರಿಸಿ; ಈ ಮೂರನ್ನೂ ವ್ಯೂ ಟೆಂಪ್ಲೇಟ್‌ಗಳಾಗಿ ಉಳಿಸಿಕೊಂಡರೆ ಮುಂದಿನ ಕೆಲಸಕ್ಕೂ ಬರುತ್ತವೆ. ಸಂದನ್ನು ಎರಡು ಗೆರೆಗಳಾಗಿ ತೋರಿಸುವ ಆಸೆ ನನಗೂ ಇತ್ತು, ಆದರೆ 10 ಮಿ.ಮೀ. ಸಂದು 1:100ರಲ್ಲಿ 0.1 ಮಿ.ಮೀ. ಆಗುವುದರಿಂದ ಎರಡೂ ಗೆರೆಗಳು ಮುದ್ರಣದಲ್ಲಿ ಕೂಡಿಕೊಳ್ಳುತ್ತವೆ, ಮಾದರಿ ಮಾತ್ರ ಭಾರವಾಗುತ್ತದೆ.

ಆಟೋಕ್ಯಾಡ್ ಬಳಸುವವರು ಮೇಲಿನ ಗೆರೆಗಳನ್ನು ಅದೇ ಬಗೆಯ ಪ್ಯಾಟ್ ಕಡತದಲ್ಲಿ ಬರೆದುಕೊಂಡು, ಹ್ಯಾಚ್ ಆಜ್ಞೆಯಲ್ಲಿ ಸ್ಕೇಲ್ 1 ಇಟ್ಟು, ಒರಿಜಿನ್ ಅನ್ನು ಪ್ಲಿಂತ್‌ನ ಮೂಲೆಗೆ ಕೊಟ್ಟರೆ ಇದೇ ಫಲ ಸಿಗುತ್ತದೆ. ಅಲ್ಲಿ ಕಡತದಲ್ಲಿ ಒಂದೇ ಪ್ಯಾಟರ್ನ್ ಇದ್ದು ಕಡತಕ್ಕೂ ಪ್ಯಾಟರ್ನ್‌ಗೂ ಒಂದೇ ಹೆಸರಿರಬೇಕು. ಸ್ಕೆಚ್‌ಅಪ್‌ನಲ್ಲಿ ಮುಖಕ್ಕೆ ಹಾಕುವುದು ಗೆರೆಯಲ್ಲ, ಚಿತ್ರ. ಆ ಚಿತ್ರದಲ್ಲಿ ಎಷ್ಟು ಇಟ್ಟಿಗೆಗಳಿವೆ ಎಂದು ಎಣಿಸಿ, ಮಟೀರಿಯಲ್‌ನ ಅಗಲವನ್ನು ಆ ಸಂಖ್ಯೆಯ 240 ಪಟ್ಟು, ಎತ್ತರವನ್ನು ಸಾಲುಗಳ 80 ಪಟ್ಟು ಎಂದು ತುಂಬಬೇಕು.

ಎಲಿವೇಶನ್ ಹೊರಬೀಳುವ ಮುಂಚೆ ನಾನು ಈಗ ತಪ್ಪದೆ ಮಾಡುವ ಕೆಲಸವೊಂದಿದೆ. ಪ್ಲಿಂತ್‌ನಿಂದ ಸಿಲ್‌ಗೆ, ಸಿಲ್‌ನಿಂದ ಲಿಂಟಲ್‌ಗೆ, ಲಿಂಟಲ್‌ನಿಂದ ಸ್ಲ್ಯಾಬ್ ತಳಕ್ಕೆ ಪ್ಯಾಟರ್ನ್‌ನ ಗೆರೆಗಳಿಗೇ ಡೈಮೆನ್ಷನ್ ಎಳೆದು, ಪ್ರತಿ ಅಳತೆಯ ಕೆಳಗೆ "11 ಸಾಲು", "16 ಸಾಲು" ಎಂದು ಕನ್ನಡದಲ್ಲಿ ಬರೆಯುತ್ತೇನೆ. ಗೌಂಡಿ ಆ ಸಂಖ್ಯೆಗಳನ್ನು ಓದಿ ತಮ್ಮ ಅಳತೆಯ ಕೋಲಿನ ಮೇಲೆ ಗುರುತು ಹಾಕಿಕೊಂಡು ಮೊದಲ ಇಟ್ಟಿಗೆ ಇಡುತ್ತಾರೆ.